ಬಾರ್ಬೆಲ್ ಗಾಳ: ತುದಿದಾರ ಎಷ್ಟುದ್ದ, ಸೀಸ ಎಷ್ಟು ತೂಕ?

ಇಂಗ್ಲೆಂಡ್ ಮತ್ತು ವೇಲ್ಸ್‌ನ ನದಿಗಳಲ್ಲಿ ಮಾರ್ಚ್ 15ರಿಂದ ಜೂನ್ 15ರವರೆಗೆ ಬಾರ್ಬೆಲ್‌ಗೆ ಗಾಳ ಹಾಕುವಂತಿಲ್ಲ. ಜೂನ್ 16ಕ್ಕೆ ನದಿ ತೆರೆಯುತ್ತದೆ. ಅಲ್ಲಿ ನೆಲೆಸಿರುವ ಓದುಗರು ಈ ಮೀನಿನ ಬಗ್ಗೆ ಕಳಿಸಿದ ಪ್ರಶ್ನೆಗಳಲ್ಲಿ ಹೆಚ್ಚಿನವು ರಿಗ್ (ದಾರಕ್ಕೆ ಸೀಸ, ಗಾಳ, ಎರೆ ಜೋಡಿಸುವ ರೀತಿ) ಕಟ್ಟುವುದರ ಬಗ್ಗೆಯೇ ಇವೆ. ಉತ್ತರಗಳಲ್ಲಿ ‘ಮುಖ್ಯ ದಾರ’ ಎಂದರೆ ರೀಲಿನಿಂದ ಬರುವ ದಾರ, ‘ತುದಿದಾರ’ ಎಂದರೆ ಸ್ವಿವೆಲ್‌ನಿಂದ (ಎರಡು ದಾರ ಸೇರಿಸುವ, ತಿರುಗುವ ಕೊಂಡಿ) ಗಾಳದವರೆಗಿನ ತುಂಡು, ‘ಸೀಸ’ ಎಂದರೆ ತಳ ಹಿಡಿದು ಕೂರುವ ಭಾರ. ಅಳತೆಗಳನ್ನು ಅಲ್ಲಿನ ಅಂಗಡಿಗಳಲ್ಲಿ ಹೇಳುವ ಹಾಗೆಯೇ ಅಡಿ, ಇಂಚು, ಪೌಂಡ್, ಔನ್ಸ್‌ಗಳಲ್ಲಿ ಕೊಟ್ಟಿದ್ದೇವೆ.

ಪ್ರಶ್ನೆ: ಟ್ರೆಂಟ್ ನದಿಯಲ್ಲಿ ಫೀಡರ್ (ಎರೆ ತುಂಬಿ ಎಸೆಯುವ ಭಾರದ ಜಾಲರಿ ಡಬ್ಬಿ) ಹಾಕುತ್ತೇನೆ, ಎರೆ 8 ಮಿ.ಮೀ. ಪೆಲೆಟ್ (ಒತ್ತಿ ಮಾಡಿದ ಮೀನಿನ ಆಹಾರದ ಗುಳಿಗೆ). ತುದಿದಾರ ಒಂದಡಿ ಸಾಕು ಅಂತ ಕೆಲವರು, ನಾಲ್ಕಡಿಗಿಂತ ಕಮ್ಮಿ ಬೇಡವೇ ಬೇಡ ಅಂತ ಕೆಲವರು. ಯಾರ ಮಾತು ಕೇಳಲಿ? (ನಾಟಿಂಗ್‌ಹ್ಯಾಮ್‌ನ ಓದುಗರು)

ಉತ್ತರ: ಇಬ್ಬರ ಮಾತೂ ಸರಿ, ಆದರೆ ಎರಡೂ ಒಂದೇ ದಿನಕ್ಕಲ್ಲ. ತುದಿದಾರದ ಉದ್ದವನ್ನು ನದಿಯ ಹೆಸರು ನೋಡಿ ತೀರ್ಮಾನಿಸುವಂತಿಲ್ಲ. ಆ ದಿನದ ನೀರು ಎಷ್ಟು ತಿಳಿಯಾಗಿದೆ, ಎಷ್ಟು ರಭಸವಾಗಿದೆ, ನೀವು ಎಂಥ ಎರೆ ಚೆಲ್ಲುತ್ತಿದ್ದೀರಿ, ಈ ಮೂರನ್ನು ನೋಡಿ ಕಟ್ಟಬೇಕು.

ಬಾರ್ಬೆಲ್ ತಿನ್ನುವ ರೀತಿ ಗೊತ್ತಾದರೆ ಕಾರಣ ತಾನಾಗಿ ಅರ್ಥವಾಗುತ್ತದೆ. ಅದರ ಬಾಯಿ ತಲೆಯ ಅಡಿಯಲ್ಲಿದೆ, ತುಟಿ ದಪ್ಪ, ಸುತ್ತ ನಾಲ್ಕು ಮೀಸೆ. ಹೊಟ್ಟೆಯನ್ನು ತಳಕ್ಕೆ ತಾಗಿಸಿಕೊಂಡು, ಮೀಸೆಯಿಂದ ತಡವುತ್ತಾ, ಜಲ್ಲಿಯನ್ನು ಕೆದಕುತ್ತಾ ಮುಂದೆ ಸಾಗುತ್ತದೆ. ಆಗ ಅದರ ಎದೆಯ ರೆಕ್ಕೆಗಳು ಆಡುವ ರಭಸಕ್ಕೆ ತಳದಲ್ಲಿ ಬಿದ್ದಿರುವ ಹೆಂಪ್ ಕಾಳು, ಸಣ್ಣ ಪೆಲೆಟ್ ಎಲ್ಲ ಮೇಲೆದ್ದು ಒಂದಿಷ್ಟು ಕೆಳಗೆ ಹೋಗಿ ಕೂರುತ್ತವೆ. ನಿಮ್ಮ ಗಾಳದ ಎರೆಗೆ ಎಂಟು ಇಂಚಿನ ದಾರವಿದ್ದರೆ ಅದು ಏಳುವುದಿಲ್ಲ, ಎದ್ದರೂ ಅರ್ಧದಲ್ಲಿ ತಡೆದು ನಿಲ್ಲುತ್ತದೆ. ತಿಳಿನೀರಿನಲ್ಲಿ ಹತ್ತಾರು ಸಲ ಗಾಳ ಕಂಡಿರುವ ಮೀನು ಅದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ತಿಂದು ಹೋಗುತ್ತದೆ. ಮೂರೂವರೆ, ನಾಲ್ಕು ಅಡಿ ದಾರವಿದ್ದರೆ ಎರೆ ಉಳಿದ ಕಾಳಿನ ಜೊತೆಗೇ ಏಳುತ್ತದೆ, ಜೊತೆಗೇ ಬೀಳುತ್ತದೆ.

ಇನ್ನೊಂದು ಕಾರಣ ಫೀಡರ್‌ನದ್ದೇ. ಅದರೊಳಗಿನ ಎರೆ ಬಿದ್ದ ಜಾಗದಲ್ಲೇ ನಿಲ್ಲುವುದಿಲ್ಲ. ಹರಿವು ಅದನ್ನು ಕೆಳಮುಖವಾಗಿ ಒಂದು ಗೆರೆಯಂತೆ ಎಳೆದು ಹರಡುತ್ತದೆ, ಮೀನು ಆ ಗೆರೆ ಹಿಡಿದು ಮೇಲಕ್ಕೆ ಬರುತ್ತದೆ. ಗಾಳ ಆ ಗೆರೆಯ ಮೇಲೆ ಇರಬೇಕು. ಫೀಡರ್‌ನ ಬುಡದಲ್ಲಿದ್ದರೆ ಮೀನು ಅಷ್ಟು ದೂರ ಬರುವ ಮೊದಲೇ ಹೊಟ್ಟೆ ತುಂಬಿಸಿಕೊಂಡಿರುತ್ತದೆ.

ಹಾಗಿದ್ದರೆ ಯಾವಾಗಲೂ ಉದ್ದವೇ ಇರಲಿ ಎನ್ನಬಹುದೇ? ಬೇಡ. ಉದ್ದ ದಾರಕ್ಕೆ ಒಂದು ದೋಷವಿದೆ: ನಾಲ್ಕಡಿ ದಾರದಲ್ಲಿ ಎರೆ ಬಾಯಿಗೆ ಹಾಕಿಕೊಂಡ ಮೀನು ಸೀಸದ ತೂಕ ತಗಲುವ ಮೊದಲು ಬಹಳ ದೂರ ಓಡಾಡಬಹುದು. ಅದು ಫೀಡರ್ ಕಡೆಗೇ ಬಂದರಂತೂ ರಾಡಿನ ತುದಿಗೆ ಏನೂ ತಿಳಿಯುವುದಿಲ್ಲ. ಗಾಳ ಚುಚ್ಚುವ ಮೊದಲೇ ಉಗುಳಿಬಿಡುತ್ತದೆ. ಕದಡಿದ ನೀರಿನಲ್ಲಿ, ಮೀನು ಹಸಿದು ಪೈಪೋಟಿಗೆ ಬಿದ್ದು ತಿನ್ನುವಾಗ ಒಂದೂವರೆಯಿಂದ ಎರಡಡಿ ದಾರವೇ ಹೆಚ್ಚು ಮೀನು ತರುತ್ತದೆ. ಕಾರಣ, ಅದು ತಿರುಗಿದ ಕೂಡಲೇ ಸೀಸದ ಭಾರ ಗಾಳವನ್ನು ತುಟಿಗೆ ನೆಡುತ್ತದೆ.

ಬೇಸಿಗೆಯ ಸಾಮಾನ್ಯ ಹರಿವಿನ ಟ್ರೆಂಟ್‌ನಲ್ಲಿ ಮೂರಡಿಯಿಂದ ಶುರು ಮಾಡಿ. ಆಮೇಲೆ ರಿಗ್ ಹೇಳುವುದನ್ನು ಓದಿ. ಎರೆ ಕರಗದೆ ಕಾಣೆಯಾಗುತ್ತಿದೆ, ತುದಿ ಮಾತ್ರ ಅಲುಗಾಡುತ್ತಿಲ್ಲ ಎಂದಾದರೆ ಒಂದಡಿ ಕಡಿಮೆ ಮಾಡಿ. ಫೀಡರ್ ಬಿದ್ದ ಜಾಗದಲ್ಲಿ ಮೀನು ಹೊರಳುವುದು ಕಾಣುತ್ತಿದೆ, ದಾರಕ್ಕೆ ಸವರುತ್ತಿದೆ, ಆದರೆ ಎರೆ ಹಾಗೇ ಇದೆ ಎಂದಾದರೆ ಒಂದಡಿ ಹೆಚ್ಚಿಸಿ. ಗಾಳದಲ್ಲಿ ಹುರುಪೆ ಅಂಟಿಕೊಂಡು ಬಂದರೆ ಮೀನು ತಿಂದಿಲ್ಲ, ಅದರ ಮೈಗೆ ದಾರ ಅಥವಾ ಗಾಳ ತಗುಲಿದೆ ಎಂದರ್ಥ. ಆಗ ಉದ್ದವನ್ನು ಮುಟ್ಟಬೇಡಿ, ದಾರವನ್ನು ತಳಕ್ಕೆ ಕೂರಿಸಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಉದ್ದ, ಎರೆ, ಸೀಸ ಮೂರನ್ನೂ ಒಟ್ಟಿಗೆ ಬದಲಿಸಿದರೆ ಮೀನು ಬಿದ್ದರೂ ಏಕೆ ಬಿತ್ತೆಂದು ತಿಳಿಯದು.

ಪ್ರಶ್ನೆ: ಕ್ರಾಮ್‌ವೆಲ್ ವಿಯರ್ (ನದಿಗೆ ಅಡ್ಡ ಕಟ್ಟಿದ ಒಡ್ಡು) ಕೆಳಗಿನ ಟ್ರೆಂಟ್‌ನಲ್ಲಿ 3 ಔನ್ಸ್ ಫೀಡರ್ ಕೂಡ ಉರುಳಿಕೊಂಡು ದಡಕ್ಕೆ ಬಂದುಬಿಡುತ್ತದೆ. ಎಷ್ಟು ತೂಕ ಹಾಕಬೇಕು? (ಲಿಂಕನ್‌ನ ಓದುಗರು)

ಉತ್ತರ: ತೂಕ ಹೆಚ್ಚಿಸುವ ಮೊದಲು ದಾರದ ಬಾಗು ಸರಿಪಡಿಸಿ. ಹೆಚ್ಚಿನವರು ಎಸೆದ ಕೂಡಲೇ ದಾರವನ್ನು ಬಿಗಿಯಾಗಿ ಎಳೆದು ರಾಡ್ ಇಡುತ್ತಾರೆ. ಆಗ ನೀರಿನ ಒತ್ತಡವೆಲ್ಲ ಬಿಗಿದ ದಾರದ ಮೇಲೆ ಅಡ್ಡಡ್ಡ ಬಿದ್ದು ಸೀಸವನ್ನು ಮೇಲಕ್ಕೆತ್ತುತ್ತದೆ. ಅದರ ಬದಲು ಹೀಗೆ ಮಾಡಿ: ನೇರ ಎದುರಿಗೆ ಅಥವಾ ತುಸು ಕೆಳಕ್ಕೆ ಎಸೆದು, ಸೀಸ ತಳ ಮುಟ್ಟಿದ ಮೇಲೆ ಎರಡು ಮೂರು ಮೀಟರ್ ದಾರ ಬಿಡಿ. ಅದು ಕೆಳಮುಖವಾಗಿ ಬಿಲ್ಲಿನಂತೆ ಬಾಗುತ್ತದೆ. ಆಗ ಸೀಸದ ಬಳಿ ದಾರ ಹರಿವಿನ ದಿಕ್ಕಿಗೇ ಮಲಗಿರುತ್ತದೆ, ಎಳೆತ ಮೇಲಕ್ಕಲ್ಲ, ತಳದ ಉದ್ದಕ್ಕೆ. ರಾಡಿನ ತುದಿ ಮೇಲಿರಲಿ, ನೀರಿನಲ್ಲಿ ಮುಳುಗುವ ದಾರ ಕಡಿಮೆಯಾಗುತ್ತದೆ. 3 ಔನ್ಸ್ ಉರುಳುತ್ತಿದ್ದ ಜಾಗದಲ್ಲಿ ಇಷ್ಟರಿಂದಲೇ ಅದು ನಿಲ್ಲುವುದು ಸಾಮಾನ್ಯ.

ಆಮೇಲೂ ಉರುಳಿದರೆ ಅರ್ಧರ್ಧ ಔನ್ಸ್ ಏರಿಸಿ. ‘ಇನ್ನು ಸ್ವಲ್ಪ ತಗ್ಗಿದರೆ ಉರುಳುತ್ತದೆ’ ಎನ್ನುವ ಹಂತದಲ್ಲಿ ನಿಲ್ಲಿಸಿ. ಮೀನು ಮುಟ್ಟಿದಾಗ ಸೀಸ ಕಿತ್ತು, ಬಾಗು ನೇರವಾಗಿ, ತುದಿ ಒಮ್ಮೆ ಸಡಿಲಗೊಂಡು ಮತ್ತೆ ಬಗ್ಗುತ್ತದೆ. ಬಾಗಿನಲ್ಲಿರುವ ಆ ಒತ್ತಡವೇ ಗಾಳ ಚುಚ್ಚುವ ಕೆಲಸದ ಅರ್ಧ ಮಾಡಿರುತ್ತದೆ. ಆ ಭಾಗದಲ್ಲಿ ನದಿಗೆ ಭರತ ಇಳಿತ ಇರುವುದರಿಂದ ಬೆಳಗ್ಗೆ ಹಿಡಿದ ತೂಕ ಮಧ್ಯಾಹ್ನ ಹಿಡಿಯದು. 3, 4, 5 ಔನ್ಸ್ ಮೂರನ್ನೂ ಚೀಲದಲ್ಲಿಡಿ.

ತೂಕದ ಮಾತು ಬಂದಾಗ ಒಂದು ಕಾನೂನು ನೆನಪಿರಲಿ. 1987ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 0.06 ಗ್ರಾಂನಿಂದ 28.35 ಗ್ರಾಂವರೆಗಿನ, ಅಂದರೆ ಒಂದು ಔನ್ಸ್‌ವರೆಗಿನ, ಸೀಸ ಲೋಹದಿಂದ ಮಾಡಿದ ಭಾರಕ್ಕೆ ನಿಷೇಧವಿದೆ. ಅದಕ್ಕಿಂತ ದೊಡ್ಡ ಸೀಸಕ್ಕೆ ಅಡ್ಡಿಯಿಲ್ಲ. ದಾರಕ್ಕೆ ಕಚ್ಚಿಸುವ ಸಣ್ಣ ಗುಂಡುಗಳ ಬದಲು ಟಂಗ್‌ಸ್ಟನ್ ಪುಟ್ಟಿ (ದಾರಕ್ಕೆ ಮೆತ್ತುವ ಭಾರದ ಮೇಣದಂಥ ವಸ್ತು) ಬಳಸಿ.

ಪ್ರಶ್ನೆ: ಸೀಸ ದಾರದ ಮೇಲೆ ಜಾರುವಂತಿರಬೇಕೋ, ಕ್ಲಿಪ್‌ನಲ್ಲಿ ಸಿಕ್ಕಿಸಿ ನಿಲ್ಲಿಸಬೇಕೋ? (ಹೆರೆಫರ್ಡ್‌ನ ಓದುಗರು)

ಉತ್ತರ: ಜಾರುವಂತಿರಲಿ. ಕೆರೆಯ ಕಾರ್ಪ್ ಹಿಡಿಯುವವರು ಸೀಸವನ್ನು ನಿಲ್ಲಿಸುತ್ತಾರೆ, ಏಕೆಂದರೆ ನಿಂತ ನೀರಿನಲ್ಲಿ ಮೀನಿಗೆ ಭಾರ ತಗುಲಿಸಲು ಬೇರೆ ದಾರಿಯಿಲ್ಲ. ಹರಿಯುವ ನೀರಿನಲ್ಲಿ ಬಾಗಿನ ಒತ್ತಡ ಆ ಕೆಲಸ ಮಾಡುತ್ತಿರುತ್ತದೆ. ಹೀಗಾಗಿ ಜಾರುವ ಸೀಸವೂ ಮೀನಿನ ಪಾಲಿಗೆ ಹೆಚ್ಚೂ ಕಡಿಮೆ ನಿಂತ ಸೀಸವೇ. ನಿಲ್ಲಿಸುವುದರಿಂದ ಸಿಗುವ ಲಾಭ ಅಷ್ಟಕ್ಕಷ್ಟೆ, ಅಪಾಯ ಮಾತ್ರ ದೊಡ್ಡದು. ದಾರ ಮೇಲೆಲ್ಲೋ ಕಲ್ಲಿಗೆ ಸವೆದು ತುಂಡಾದರೆ ಮೀನು ಮೂರು ಔನ್ಸ್ ಭಾರ ಎಳೆದುಕೊಂಡು ತಿರುಗಿ, ಬೇರಿಗೆ ಸಿಕ್ಕಿ ಸಾಯುತ್ತದೆ.

ಜೋಡಿಸುವ ಕ್ರಮ ಸುಲಭ. ಮುಖ್ಯ ದಾರಕ್ಕೆ ಮೊದಲು ಅಗಲ ಕಿಂಡಿಯ ರನ್ ರಿಂಗ್ ಪೋಣಿಸಿ, ಅದರ ಕೊಕ್ಕೆಗೆ ಸೀಸ ಅಥವಾ ಫೀಡರ್ ಸಿಕ್ಕಿಸಿ. ಆಮೇಲೆ 8 ಮಿ.ಮೀ. ರಬ್ಬರ್ ಮಣಿ, ಗಂಟನ್ನು ರಿಂಗ್ ಹೊಡೆಯದಂತೆ ಕಾಯಲು. ಕೊನೆಗೆ 10 ಅಥವಾ 11ನೇ ಸೈಜಿನ ಸ್ವಿವೆಲ್ ಅನ್ನು ಗ್ರಿನ್ನರ್ ಗಂಟಿನಿಂದ ಕಟ್ಟಿ. ಸ್ವಿವೆಲ್‌ಗೆ ಕ್ವಿಕ್ ಚೇಂಜ್ ಕೊಕ್ಕೆ ಇದ್ದರೆ ತುದಿದಾರ ಬದಲಿಸುವುದು ಅರ್ಧ ನಿಮಿಷದ ಕೆಲಸ. ಕಟ್ಟಿಟ್ಟ ಎರಡಡಿ, ಮೂರಡಿ, ನಾಲ್ಕಡಿ ದಾರಗಳು ರಿಗ್ ಬೋರ್ಡಿನಲ್ಲಿ ಸಿದ್ಧವಿದ್ದರೆ ಮಾತ್ರ ಜನ ಉದ್ದ ಬದಲಿಸುತ್ತಾರೆ. ಇಲ್ಲದಿದ್ದರೆ ಸೋಮಾರಿತನಕ್ಕೆ ಒಂದರಲ್ಲೇ ದಿನ ಕಳೆಯುತ್ತಾರೆ.

ಮೀನು ಎರೆ ಮುಟ್ಟಿ ಬಿಡುತ್ತಿದೆ, ಇನ್ನಷ್ಟು ಬಲವಾಗಿ ಚುಚ್ಚಬೇಕು ಅನಿಸಿದರೆ ಫೀಡರ್‌ಗಿಂತ ಒಂದಡಿ ಮೇಲೆ ಮುಖ್ಯ ದಾರಕ್ಕೆ ಒಂದು ಮಣಿ, ಅದರ ಮೇಲೆ ರಬ್ಬರ್ ಫ್ಲೋಟ್ ಸ್ಟಾಪ್ ಹಾಕಿ. ಮೀನು ಅಷ್ಟು ದೂರ ಎಳೆದಾಗ ರಿಂಗ್ ಸ್ಟಾಪ್‌ಗೆ ಬಡಿಯುತ್ತದೆ, ಪೂರ್ತಿ ಭಾರ ಒಮ್ಮೆಲೇ ತಗಲುತ್ತದೆ. ನೀರಿಗಿಳಿಸುವ ಮೊದಲು ಪರೀಕ್ಷಿಸಿ: ಸ್ಟಾಪ್‌ಗಿಂತ ಮೇಲೆ ದಾರ ಕತ್ತರಿಸಿದೆವು ಎಂದುಕೊಂಡು ಸೀಸವನ್ನು ಬೆರಳಿನಿಂದ ಮೇಲಕ್ಕೆಳೆಯಿರಿ. ಸ್ಟಾಪ್ ಜಾರಿ, ಸೀಸ ಕಳಚಿ ಬರುವಂತಿರಬೇಕು. ಬಾರದಿದ್ದರೆ ಆ ರಿಗ್ ಬೇಡ. ಮುಖ್ಯ ದಾರಕ್ಕೆ ಬೇರೆ ದಾರ ಜೋಡಿಸಿ ಗಂಟು ಹಾಕಿದ್ದರೆ, ರಿಂಗ್ ಆ ಗಂಟನ್ನು ದಾಟುತ್ತದೆಯೇ ಎಂದೂ ನೋಡಿ. ಜಾರುವ ರಿಗ್ ಎಂದು ನಂಬಿರುವುದು ಜಾರದಿರಲು ಮುಖ್ಯ ಕಾರಣ ಈ ಗಂಟೇ.

ಪ್ರಶ್ನೆ: ಹೇರ್ ರಿಗ್ (ಎರೆಯನ್ನು ಗಾಳಕ್ಕೆ ಚುಚ್ಚದೆ, ಗಾಳದಿಂದಾಚೆ ‘ಹೇರ್’ ಎಂಬ ಗಿಡ್ಡ ಎಳೆಯಲ್ಲಿ ನಿಲ್ಲಿಸುವುದು) ಕಟ್ಟಿದ್ದೇನೆ, ಮೀನು ಎಳೆಯುತ್ತದೆ, ಎತ್ತಿದರೆ ಖಾಲಿ. ಗಾಳದ ತಪ್ಪೋ, ಗಂಟಿನ ತಪ್ಪೋ? (ರೆಡಿಂಗ್‌ನ ಓದುಗರು)

ಉತ್ತರ: ಗಾಳದ ಮೊನೆಯನ್ನು ಮೊದಲು ನೋಡಿ. ಹೆಬ್ಬೆರಳಿನ ಉಗುರಿನ ಮೇಲೆ ಮೊನೆಯನ್ನು ಮೆಲ್ಲಗೆ ಎಳೆಯಿರಿ. ಕಚ್ಚಿ ನಿಂತರೆ ಸರಿ, ಜಾರಿದರೆ ಎಸೆಯಿರಿ. ಜಲ್ಲಿ ತಳದಲ್ಲಿ ಒಂದೇ ಎಸೆತಕ್ಕೆ ಮೊನೆ ಮಡಿಸುವುದುಂಟು. ಮೊನೆ ಸರಿಯಿದ್ದೂ ಖಾಲಿ ಬರುತ್ತಿದ್ದರೆ ತಪ್ಪು ಎರಡು ಕಡೆ ಇರಬಹುದು: ಎರೆ ಮತ್ತು ಗಾಳದ ನಡುವಿನ ಅಂತರ, ಇಲ್ಲವೇ ದಾರ ಗಾಳದ ಕಿವಿಯೊಳಗೆ (ದಾರ ಕಟ್ಟುವ ತೂತು) ಹೋದ ದಿಕ್ಕು.

ಕಟ್ಟುವ ರೀತಿ ಹೀಗೆ. ದಾರದ ತುದಿಗೆ 5 ಮಿ.ಮೀ.ನಷ್ಟು ಸಣ್ಣ ಕುಣಿಕೆ ಹಾಕಿ. ಎರೆಯನ್ನು ಸೂಜಿಯಿಂದ ಪೋಣಿಸಿ, ಕುಣಿಕೆಗೆ ಸ್ಟಾಪ್ (ಎರೆ ಜಾರದಂತೆ ತಡೆಯುವ ಸಣ್ಣ ತುಂಡು) ಕೊಟ್ಟು, ಎರೆಯನ್ನು ಜಾಗಕ್ಕೆ ಕೂರಿಸಿ. ಗಂಟು ಬಿಗಿಯಾದ ಮೇಲೆ ಅಂತರ ಬದಲಿಸಲಾಗದು, ಹಾಗಾಗಿ ಎರೆ ಹಾಕಿಕೊಂಡೇ ಅಳೆಯಬೇಕು. ದಾರದ ಉದ್ದ ಕೊನೆಯನ್ನು ಗಾಳದ ಕಿವಿಯೊಳಗೆ ಬೆನ್ನಿನ ಕಡೆಯಿಂದ, ಅಂದರೆ ಮೊನೆಗೆ ವಿರುದ್ಧ ಬದಿಯಿಂದ ತೂರಿಸಿ. ಎರೆ ಇರುವ ಎಳೆಯನ್ನು ಗಾಳದ ಕಾಂಡದ ಬೆನ್ನಿಗೆ ಒತ್ತಿ ಹಿಡಿದು, ಉದ್ದ ಕೊನೆಯಿಂದ ಕಿವಿಯಿಂದ ಕೆಳಕ್ಕೆ ಸುತ್ತಿ. ಮೋನೋ, ಫ್ಲೋರೋಕಾರ್ಬನ್‌ಗೆ (ಎರಡೂ ಒಂದೇ ಎಳೆಯ ದಾರ; ಮೋನೋ ಎಂದರೆ ನೈಲಾನ್) 7 ಸುತ್ತು, ಹಲವು ಎಳೆ ಹೆಣೆದ ಮೃದು ಬ್ರೇಡ್‌ಗೆ 8ರಿಂದ 10. ಸುತ್ತುಗಳು ಒಂದರ ಪಕ್ಕ ಒಂದು ಕೂರಬೇಕು, ಒಂದರ ಮೇಲೊಂದು ಏರಬಾರದು. ಕೊನೆಗೆ ಉದ್ದ ಕೊನೆಯನ್ನು ಮತ್ತೆ ಬೆನ್ನಿನ ಕಡೆಯಿಂದಲೇ ಕಿವಿಗೆ ತೂರಿಸಿ, ಉಗುಳಿನಿಂದ ಒದ್ದೆ ಮಾಡಿ, ನಿಧಾನ ಬಿಗಿ ಮಾಡಿ. ಈ ಕೊನೆಯ ತೂರಿಕೆಯಲ್ಲೇ ಬಹಳ ಜನ ತಪ್ಪುತ್ತಾರೆ. ಮೊನೆಯ ಕಡೆಯಿಂದ ತೂರಿಸಿದರೆ ದಾರ ಬಿಗಿದಾಗ ಮೊನೆ ತುಟಿಯಿಂದ ಆಚೆಗೆ ತಿರುಗುತ್ತದೆ. ಬೆನ್ನಿನಿಂದ ತೂರಿಸಿದರೆ ಗಾಳ ಮಗುಚಿಕೊಂಡು ಕೆಳದುಟಿಯ ಕಡೆ ಮುಖ ಮಾಡುತ್ತದೆ. ಕಟ್ಟಿದ ಮೇಲೆ ಎಡ ಅಂಗೈ ಮೇಲೆ ದಾರವನ್ನಿಟ್ಟು ಎಳೆದು ನೋಡಿ. ಗಾಳ ಸಾಗುತ್ತಾ ತಿರುಗಿ ಚರ್ಮಕ್ಕೆ ಮೊನೆ ತಾಗಿಸಬೇಕು.

ಅಂತರದ ವಿಚಾರ: 8 ಮಿ.ಮೀ. ಪೆಲೆಟ್ ಒಂದೋ ಎರಡೋ ಇದ್ದರೆ ಗಾಳದ ಬಾಗಿನಿಂದ ಎರೆಗೆ 3ರಿಂದ 5 ಮಿ.ಮೀ. ಸಾಕು, ಗಾಳ 10ನೇ ಸೈಜು (ಸಂಖ್ಯೆ ಕಡಿಮೆಯಾದಷ್ಟೂ ಗಾಳ ದೊಡ್ಡದು). 14, 15 ಮಿ.ಮೀ.ನ ಬಾಯ್ಲಿ (ಬೇಯಿಸಿದ ಹಿಟ್ಟಿನ ಗಟ್ಟಿ ಉಂಡೆ) ಅಥವಾ ದೊಡ್ಡ ಪೆಲೆಟ್ ಆದರೆ 8ನೇ ಸೈಜಿನ ಗಾಳ, ಅಂತರ 8ರಿಂದ 10 ಮಿ.ಮೀ. ದೊಡ್ಡ ಎರೆ ಬಾಗಿಗೆ ಅಂಟಿಕೊಂಡಿದ್ದರೆ ಅದೇ ಗಾಳದ ಬಾಯಿಯನ್ನು ಮುಚ್ಚಿಬಿಡುತ್ತದೆ, ಮೊನೆಗೆ ಮಾಂಸವೇ ಸಿಗದು. ಅಂತರ ಅತಿಯಾದರೆ ಮೀನು ಎರೆಯನ್ನು ತುಟಿಯಲ್ಲಿ ಹಿಡಿದಾಗ ಗಾಳ ಬಾಯಿಯ ಹೊರಗೇ ಉಳಿಯುತ್ತದೆ. ನಿಮ್ಮ ವಿಷಯದಲ್ಲಿ ಎಳೆತ ಜೋರಾಗಿದ್ದೂ ಖಾಲಿ ಬರುತ್ತಿರುವುದರಿಂದ ಅಂತರ ಹೆಚ್ಚಾಗಿರುವ ಸಾಧ್ಯತೆಯೇ ಹೆಚ್ಚು.

ಫ್ಲೋರೋಕಾರ್ಬನ್‌ನಲ್ಲಿ ಕಟ್ಟಿದರೆ ಹೇರ್ ಗಡುಸಾಗಿ ಎರೆ ಸೆಟೆದು ನಿಲ್ಲುತ್ತದೆ. ಹೇರ್‌ಗೆ ಮಾತ್ರ ಮೃದು ಬ್ರೇಡ್‌ನ ತುಂಡೊಂದನ್ನು ಅದೇ ಸುತ್ತುಗಳ ಕೆಳಗೆ ಸೇರಿಸಿ ಕಟ್ಟಿದರೆ ಎರಡರ ಗುಣವೂ ಸಿಗುತ್ತದೆ.

ಪ್ರಶ್ನೆ: ತುದಿದಾರಕ್ಕೆ ಯಾವ ವಸ್ತು ಒಳ್ಳೆಯದು? ವೈ ನದಿಯ ಬಂಡೆಗಳಲ್ಲಿ ಬ್ರೇಡ್ ಪದೇ ಪದೇ ಕಡಿದು ಹೋಗುತ್ತಿದೆ. (ಕಾರ್ಡಿಫ್‌ನ ಓದುಗರು)

ಉತ್ತರ: ಬಂಡೆಯ ಅಂಚಿಗೆ ಬಿಗಿದ ಬ್ರೇಡ್ ಉಜ್ಜಿದರೆ ಅದರ ಸೂಕ್ಷ್ಮ ಎಳೆಗಳು ಒಂದೊಂದಾಗಿ ಹರಿಯುತ್ತವೆ, ಮೇಲೆ ಬರೆದ ಪೌಂಡ್ ಲೆಕ್ಕ ಅಲ್ಲಿ ಉಪಯೋಗಕ್ಕೆ ಬಾರದು. ವೈ ನದಿಗೆ ದಪ್ಪ ಮೋನೋ ಕಟ್ಟಿ: ಮುಖ್ಯ ದಾರ 12 ಪೌಂಡ್, ತುದಿದಾರ 10 ಪೌಂಡ್. ತುದಿದಾರ ಯಾವತ್ತೂ ಮುಖ್ಯ ದಾರಕ್ಕಿಂತ ಒಂದು ಮೆಟ್ಟಿಲು ಕಡಿಮೆ ಬಲದ್ದಿರಲಿ, ಹರಿದರೆ ಗಾಳದ ಬಳಿಯೇ ಹರಿಯಲಿ.

ಫ್ಲೋರೋಕಾರ್ಬನ್ ನೀರಿನಲ್ಲಿ ಕಡಿಮೆ ಕಾಣುತ್ತದೆ. ಅದರ ವಕ್ರೀಭವನ ಸೂಚ್ಯಂಕ 1.42, ನೀರಿನದು 1.33. ಆದರೆ ಬಾರ್ಬೆಲ್ ವಿಷಯದಲ್ಲಿ ಅದಕ್ಕಿಂತ ದೊಡ್ಡ ಗುಣ ತೂಕ. ನೈಲಾನ್ ನೀರಿಗಿಂತ ತುಸುವೇ ಭಾರ, ಫ್ಲೋರೋಕಾರ್ಬನ್ ಸುಮಾರು 1.78 ಪಟ್ಟು ಭಾರ. ಅದು ತಾನಾಗಿ ತಳಕ್ಕೆ ಮಲಗುತ್ತದೆ. ನೀರಿನಲ್ಲಿ ತೇಲಾಡುವ ದಾರಕ್ಕೆ ಮೀನಿನ ರೆಕ್ಕೆ ತಗುಲಿದರೆ ಗುಂಪಿಗೆ ಗುಂಪೇ ಓಡುತ್ತದೆ, ದಾರ ಕಂಡು ಓಡುವುದು ಅಷ್ಟಿಲ್ಲ. ಗಂಟು ಒಣಗಿದ್ದಾಗ ಬಿಗಿದರೆ ಫ್ಲೋರೋಕಾರ್ಬನ್ ಉಜ್ಜಿ ಬಿಸಿಯಾಗಿ ಅಲ್ಲೇ ಸೋಲುತ್ತದೆ, ಒದ್ದೆ ಮಾಡದೆ ಎಳೆಯಲೇಬೇಡಿ.

ಮೃದು ಬ್ರೇಡ್‌ಗೆ ಜಾಗವಿದೆ: ಮರಳು ಅಥವಾ ಸಣ್ಣ ಜಲ್ಲಿಯ ತಳ, ಮೀನು ಅನುಮಾನದಿಂದ ತಿನ್ನುತ್ತಿದೆ, ಎರೆ ಸಹಜವಾಗಿ ಆಡಬೇಕು ಎಂಬಲ್ಲಿ. ಹಾಗಾದರೂ ಮೂರಡಿ ಪೂರ್ತಿ ಬ್ರೇಡ್ ಬೇಡ. ಗಾಳದ ಬಳಿ 6 ಇಂಚು ಬ್ರೇಡ್, ಉಳಿದದ್ದು ಫ್ಲೋರೋಕಾರ್ಬನ್, ನಡುವೆ ಪುಟ್ಟ ಸ್ವಿವೆಲ್. ಹೊದಿಕೆಯಿರುವ ಬ್ರೇಡ್ ಸಿಕ್ಕಿದರೆ ಗಾಳದ ಬಳಿ 2 ಇಂಚು ಹೊದಿಕೆ ಸುಲಿದರೂ ಅದೇ ಕೆಲಸವಾಗುತ್ತದೆ. ಮೀನು ಬಿದ್ದ ಮೇಲೆ ಪ್ರತಿ ಸಲ ಕೊನೆಯ ಒಂದು ಮೀಟರನ್ನು ತುಟಿಗಳ ನಡುವೆ ಎಳೆದು ನೋಡಿ. ಬೆರಳಿಗೆ ಸಿಗದ ಗೀರು ತುಟಿಗೆ ಸಿಗುತ್ತದೆ.

ಪ್ರಶ್ನೆ: ನಾಲ್ಕಡಿ ತುದಿದಾರ ಎಸೆದಾಗಲೆಲ್ಲ ಫೀಡರ್‌ಗೆ ಸುತ್ತಿಕೊಳ್ಳುತ್ತದೆ. (ಬರ್ಮಿಂಗ್‌ಹ್ಯಾಮ್‌ನ ಓದುಗರು)

ಉತ್ತರ: ಗಾಳಿಯಲ್ಲಿ ಭಾರವಾದ ಫೀಡರ್ ಮುಂದೆ ಹಾರುತ್ತದೆ, ಹಗುರ ಗಾಳ ಹಿಂದೆ. ಫೀಡರ್ ನೀರಿಗೆ ಬಿದ್ದು ಗಕ್ಕನೆ ನಿಂತಾಗ ಹಿಂದಿನಿಂದ ಬಂದ ಗಾಳ ಅದರ ಮೇಲೇ ಬೀಳುತ್ತದೆ. ಬೀಳುವ ಕೊಂಚ ಮೊದಲು ರೀಲಿನ ಅಂಚಿಗೆ ಬೆರಳು ತಾಗಿಸಿ ದಾರದ ವೇಗ ತಗ್ಗಿಸಿ. ಫೀಡರ್ ನಿಧಾನವಾಗಿ, ಗಾಳ ಮುಂದಕ್ಕೆ ಚಾಚಿಕೊಂಡು ನೇರವಾಗಿ ಬೀಳುತ್ತದೆ. ಇದೊಂದು ರೂಢಿಯಾದರೆ ಮುಕ್ಕಾಲು ಪಾಲು ಗೋಜಲು ಹೋಗುತ್ತದೆ.

ಉಳಿದದ್ದಕ್ಕೆ ಸ್ವಿವೆಲ್‌ನ ಗಾಳದ ಬದಿಗೆ 2 ಇಂಚಿನ ಗಡುಸು ರಬ್ಬರ್ ತೋಳು ಹಾಕಿ. ಅದು ದಾರವನ್ನು ಫೀಡರ್‌ನಿಂದ ಆಚೆ ಹಿಡಿಯುತ್ತದೆ. ನೀರಿನಲ್ಲಿ ಕರಗುವ ಪಿವಿಎ ಫೋಮ್‌ನ ಒಂದು ತುಂಡನ್ನು ಒದ್ದೆ ಮಾಡಿ ಗಾಳದ ಸುತ್ತ ಒತ್ತಿದರೆ ಗಾಳ ನಿಧಾನ ಇಳಿಯುತ್ತದೆ, ಮೊನೆಗೂ ರಕ್ಷಣೆ. ಆದರೆ ಕೈ ಒದ್ದೆಯಾಗಿದ್ದರೆ ಅದು ಬೆರಳಲ್ಲೇ ಕರಗುತ್ತದೆ, ಚಳಿಗಾಲದ ತಣ್ಣೀರಿನಲ್ಲಿ ಕರಗಲು ಹೆಚ್ಚು ಹೊತ್ತು ಬೇಕು. ಅದು ಕರಗುವವರೆಗೆ ದಾರ ಬಿಗಿಯಬೇಡಿ. ಎರಡು ಪೆಲೆಟ್ ಅಕ್ಕಪಕ್ಕ ಕಟ್ಟಿದರೆ ಎರೆ ಎಳೆಯುವಾಗ ಗಿರಗಿರ ತಿರುಗಿ ದಾರಕ್ಕೆ ಮುರಿ ಬೀಳುತ್ತದೆ. ಒಂದರ ಹಿಂದೆ ಒಂದು ಪೋಣಿಸಿ.

ಪ್ರಶ್ನೆ: ಡಾರ್ಸೆಟ್ ಸ್ಟೌರ್‌ನಂಥ ತಿಳಿನೀರಿನ ಸಣ್ಣ ನದಿಯಲ್ಲಿ ಮೀನು ಕಣ್ಣಿಗೆ ಕಾಣುತ್ತದೆ, ಗಾಳಕ್ಕೆ ಬರುವುದಿಲ್ಲ. (ಬೋರ್ನ್‌ಮತ್‌ನ ಓದುಗರು)

ಉತ್ತರ: ಅಲ್ಲಿ ಫೀಡರ್ ಬಿದ್ದ ಸದ್ದಿಗೇ ಮೀನು ಬೆದರುತ್ತದೆ. ಬೈಟ್ ಡ್ರಾಪರ್‌ನಿಂದ (ತಳ ಮುಟ್ಟಿದಾಗ ತೆರೆದು ಎರೆ ಸುರಿಯುವ ಡಬ್ಬಿ) ಹೆಂಪ್ ಮತ್ತು ಕ್ಯಾಸ್ಟರ್ (ನೊಣದ ಹುಳದ ಕೋಶ) ಅನ್ನು 10ರಿಂದ 15 ಸಲ ಒಂದೇ ಜಾಗಕ್ಕೆ ಇಳಿಸಿ, ಕನಿಷ್ಠ ಒಂದು ತಾಸು ಗಾಳ ಹಾಕದೆ ಬಿಡಿ. ಮೀನು ಬಂದು, ಹೋಗಿ, ಮತ್ತೆ ಬಂದು, ಹೋಗದೆ ನಿಲ್ಲುವ ಹಂತಕ್ಕೆ ಬರಬೇಕು. ಈ ಕಾಯುವಿಕೆಯನ್ನು ಬಿಟ್ಟರೆ ರಿಗ್ ಎಷ್ಟು ಚೆನ್ನಾಗಿ ಕಟ್ಟಿದ್ದರೂ ಕೆಲಸಕ್ಕೆ ಬಾರದು.

ರಿಗ್: ಒಂದೂವರೆ ಔನ್ಸ್‌ನ ಚಪ್ಪಟೆ ಸೀಸ, 8 ಪೌಂಡ್ ಫ್ಲೋರೋಕಾರ್ಬನ್ ನಾಲ್ಕರಿಂದ ಐದಡಿ, 12ನೇ ಸೈಜಿನ ಗಟ್ಟಿ ಗಾಳ, ಹೇರ್‌ಗೆ ಎರಡು ಮೂರು ಕ್ಯಾಸ್ಟರ್. ತುದಿದಾರಕ್ಕೆ ಒಂದಡಿಗೊಂದು ಕಡೆ ಗೋಧಿಕಾಳಿನಷ್ಟು ಟಂಗ್‌ಸ್ಟನ್ ಪುಟ್ಟಿ. ಸೀಸಕ್ಕಿಂತ ಮೂರಡಿ ಮೇಲೆ ಮುಖ್ಯ ದಾರಕ್ಕೆ ಒಂದು ಹಾರುವ ಬ್ಯಾಕ್ ಲೆಡ್ (ದಾರವನ್ನು ತಳಕ್ಕೆ ಒತ್ತುವ, ದಾರದ ಮೇಲೆ ಜಾರುವ ಸಣ್ಣ ಭಾರ) ಹಾಕಿ, ಆ ಭಾಗವೂ ತಳಕ್ಕೆ ಮಲಗಲಿ. ಎಸೆಯಬೇಡಿ, ಕೈಯಿಂದ ಮೆಲ್ಲಗೆ ತೂಗಿ ಇಳಿಸಿ. ನೀರುಗಿಡದ ಪೊದೆ ದಟ್ಟವಾಗಿದ್ದರೆ 8 ಪೌಂಡ್ ಸಾಲದು, 10ಕ್ಕೆ ಏರಿಸಿ. ಮೀನು ಬೀಳದಿದ್ದರೂ ಪರವಾಗಿಲ್ಲ, ಗಾಳ ಸಮೇತ ಪೊದೆಯಲ್ಲಿ ಉಳಿಯಬಾರದು.

ಪ್ರಶ್ನೆ: ಸೆವರ್ನ್ ನದಿ ತುಂಬಿ ಕೆಂಪಾಗಿ ಹರಿಯುವಾಗಲೂ ಗಾಳ ಹಾಕಬಹುದೇ? (ವೂಸ್ಟರ್‌ನ ಓದುಗರು)

ಉತ್ತರ: ಹಾಕಬಹುದು, ಒಳ್ಳೆಯ ಮೀನೂ ಬೀಳುತ್ತದೆ. ಸೆವರ್ನ್‌ಗೆ ಬಾರ್ಬೆಲ್ ಬಂದದ್ದೇ 1956ರಲ್ಲಿ, ಕೆನ್ನೆಟ್ ನದಿಯಿಂದ ತಂದು ಬಿಟ್ಟಾಗ. ಈ ನದಿಯ ಏರಿಳಿತಕ್ಕೆ ಅದು ಚೆನ್ನಾಗಿ ಹೊಂದಿಕೊಂಡಿದೆ. ನೀರಿನ ಬಣ್ಣಕ್ಕಿಂತ ಉಷ್ಣತೆ ಮುಖ್ಯ. ಥರ್ಮಾಮೀಟರ್ ಇಳಿಸಿ ನೋಡಿ. ಬೆಚ್ಚಗಿನ ಮಳೆಯಿಂದ ಏರಿದ ನೀರು 8 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಖಂಡಿತ ಹೋಗಿ. ಹಿಮ ಕರಗಿ ಏರಿದ ನೀರು 5 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಮನೆಯಲ್ಲಿ ಕೂತು ತುದಿದಾರ ಕಟ್ಟಿ.

ಇಲ್ಲಿ ಹಿಂದೆ ಹೇಳಿದ್ದೆಲ್ಲ ತಿರುವುಮುರುವು. ತುದಿದಾರ 8ರಿಂದ 12 ಇಂಚು ಮಾತ್ರ. ಕದಡಿದ ನೀರಿನಲ್ಲಿ ಮೀನು ಕಣ್ಣಿನಿಂದಲ್ಲ, ವಾಸನೆಯಿಂದ, ಮೀಸೆಯಿಂದ ಹುಡುಕುತ್ತದೆ. ಎರೆ ಒಂದೇ ಜಾಗದಲ್ಲಿ ನಿಂತಿರಬೇಕು. ಉದ್ದ ದಾರ ರಭಸದಲ್ಲಿ ಹೊಯ್ದಾಡುತ್ತದೆ, ಎಲೆ ಕಸ ಹಿಡಿಯುತ್ತದೆ. 12 ಪೌಂಡ್ ಮೋನೋ, 6ನೇ ಸೈಜಿನ ಗಾಳ, ಒಂದಿಂಚಿನ ಲಂಚನ್ ಮೀಟ್ (ಡಬ್ಬಿಯ ಬೇಯಿಸಿದ ಮಾಂಸ) ತುಂಡು ಅಥವಾ ಪೇಸ್ಟ್ ಮೆತ್ತಿದ ಬಾಯ್ಲಿ. ಮೀಟ್ ಮೆತ್ತಗಿರುವುದರಿಂದ ಸಣ್ಣ ಸ್ಟಾಪ್ ಅದನ್ನು ಸೀಳಿಕೊಂಡು ಹೊರಬರುತ್ತದೆ. ಒಂದು ಸೆಂಟಿಮೀಟರ್ ಹುಲ್ಲಿನ ಕಡ್ಡಿಯನ್ನು ಅಡ್ಡ ಇಡಿ.

ಫೀಡರ್ ಬದಲು ಬರಿ ಸೀಸ ಬಳಸಿ. ಫೀಡರ್‌ನ ಜಾಲರಿ ನೀರಿಗೆ ಎದುರಾಗಿ ನಿಂತು ಉರುಳುತ್ತದೆ, ಚಪ್ಪಟೆ ಸೀಸವೋ ಮುಳ್ಳಿನ ಗ್ರಿಪ್ಪರ್ ಸೀಸವೋ ಅದೇ ತೂಕದಲ್ಲಿ ನಿಲ್ಲುತ್ತದೆ. ನದಿಯ ನಡುವಿಗೆ ಎಸೆಯುವ ಅಗತ್ಯವೇ ಇಲ್ಲ. ದಡದ ಬಳಿ ರಭಸದ ನೀರೂ ನಿಧಾನದ ನೀರೂ ಸೇರುವ ಗೆರೆ ನೋಡಿ, ಅದರ ಒಳಬದಿಗೆ ಇಳಿಸಿ. ರಾಡ್ ನೆಟ್ಟಗೆ ಮೇಲಕ್ಕಿರಲಿ. ಅರ್ಧ ಗಂಟೆಗೊಮ್ಮೆ ಎತ್ತಿ ಕಸ ತೆಗೆಯಿರಿ; ದಾರಕ್ಕೆ ಕಸ ಕೂಡಿದಷ್ಟೂ ಸೀಸದ ಮೇಲೆ ಎಳೆತ ಹೆಚ್ಚು, ‘ಸೀಸ ಸಾಲುತ್ತಿಲ್ಲ’ ಎನ್ನುವ ದೂರಿನ ಹಿಂದೆ ಹಲವು ಸಲ ಇರುವುದು ಈ ಕಸವೇ. ದಡ ಕುಸಿಯುವ ಜಾಗದಲ್ಲಿ ಮಾತ್ರ ಕೂರಬೇಡಿ, ಒಬ್ಬರೇ ಹೋಗಬೇಡಿ.

ಪ್ರಶ್ನೆ: ರಾಡಿನ ತುದಿ ಟಕಟಕ ಅನ್ನುತ್ತಿರುತ್ತದೆ. ಎತ್ತಬೇಕೇ? (ಲೆಸ್ಟರ್‌ನ ಓದುಗರು)

ಉತ್ತರ: ಬೇಡ. ಅದು ಹೆಚ್ಚಾಗಿ ಚಬ್ ಮೀನು, ಎರೆಯನ್ನು ತುಟಿಯಲ್ಲಿ ಕಚ್ಚಿ ಎಳೆದಾಡುತ್ತಿರುತ್ತದೆ. ಬಾರ್ಬೆಲ್ ಬಿದ್ದರೆ ಸಂಶಯ ಉಳಿಯುವುದಿಲ್ಲ, ರಾಡ್ ಬಗ್ಗಿ ಬಗ್ಗಿ ಹೋಗುತ್ತದೆ. ಚಬ್ ಕಾಟ ಹೆಚ್ಚಿದ್ದರೆ ಎರೆಯನ್ನು 8ರಿಂದ 15 ಮಿ.ಮೀ.ಗೆ ಏರಿಸಿ. ಚಬ್ಬನ್ನೇ ಹಿಡಿಯಬೇಕಿದ್ದರೆ ದಾರವನ್ನು 8 ಇಂಚಿಗೆ ಇಳಿಸಿ, ಹೇರ್ ಗಿಡ್ಡ ಮಾಡಿ.

ಪ್ರಶ್ನೆ: ಮುಳ್ಳಿಲ್ಲದ ಗಾಳ ಕಡ್ಡಾಯವೇ? (ಡಾರ್ಬಿಯ ಓದುಗರು)

ಉತ್ತರ: ನದಿ ನದಿಗೆ, ಕ್ಲಬ್ ಕ್ಲಬ್‌ಗೆ ನಿಯಮ ಬೇರೆ. ಗಾಳ ಹಾಕಲು ಕೊಳ್ಳುವ ಟಿಕೆಟ್‌ನ ಹಿಂಬದಿ ಓದಿ. ನಿಯಮ ಇಲ್ಲದ ಕಡೆಯೂ ಮುಳ್ಳಿಲ್ಲದ್ದು ಅಥವಾ ಸಣ್ಣ ಮುಳ್ಳಿನದು ಸಾಕು. ಬಾರ್ಬೆಲ್‌ನ ದಪ್ಪ ತುಟಿಯಲ್ಲಿ ಗಾಳ ಸುಲಭಕ್ಕೆ ಕಳಚುವುದಿಲ್ಲ, ದಾರ ಸಡಿಲ ಬಿಡದಿದ್ದರಾಯಿತು.

ಪ್ರಶ್ನೆ: 6 ಪೌಂಡ್ ದಾರದಲ್ಲಿ ಹೆಚ್ಚು ಮೀನು ಮುಟ್ಟುತ್ತವೆ. ಆದರೆ ಬಿಟ್ಟ ಮೀನು ಹೊಟ್ಟೆ ಮೇಲಾಗಿ ತೇಲುತ್ತದೆ. ಏನು ತಪ್ಪು? (ಆಕ್ಸ್‌ಫರ್ಡ್‌ನ ಓದುಗರು)

ಉತ್ತರ: ತಪ್ಪು 6 ಪೌಂಡ್‌ನಲ್ಲೇ ಇದೆ. ಬಾರ್ಬೆಲ್ ಸುಸ್ತಾಗಿ ಸೋಲುವವರೆಗೂ ಹೋರಾಡುವ ಮೀನು. ಹಗುರ ದಾರದಲ್ಲಿ ಅದನ್ನು ತಡೆಯಲಾಗದೆ ಹೋರಾಟ ಎಳೆದಷ್ಟೂ ಅದರ ಮೈಯಲ್ಲಿ ಶಕ್ತಿ ಉಳಿಯುವುದಿಲ್ಲ. ಬೇಸಿಗೆಯ ನೀರಿನಲ್ಲಿ ಆಮ್ಲಜನಕವೂ ಕಡಿಮೆ. 10 ಪೌಂಡ್ ತುದಿದಾರ, ಒಂದೂಮುಕ್ಕಾಲು ಪೌಂಡ್ ಟೆಸ್ಟ್ ಕರ್ವ್‌ನ (ರಾಡಿನ ತುದಿಯನ್ನು ಲಂಬಕೋನಕ್ಕೆ ಬಗ್ಗಿಸಲು ಬೇಕಾದ ತೂಕ) ರಾಡ್ ಹಿಡಿದು ಬೇಗ ದಡಕ್ಕೆ ತನ್ನಿ. ಮುಟ್ಟುವ ಮೀನು ಕಡಿಮೆಯಾದರೆ ದಾರ ಸಣ್ಣ ಮಾಡಬೇಡಿ, ಉದ್ದ ಮಾಡಿ.

ಬಲೆಯೊಳಗೆ ಬಂದ ಮೇಲೆ ಕೂಡಲೇ ಎತ್ತಬೇಡಿ, ನೀರಿನಲ್ಲೇ ಕೆಲವು ನಿಮಿಷ ಉಸಿರಾಡಲು ಬಿಡಿ. ಬೆನ್ನಿನ ರೆಕ್ಕೆಯ ಮೊದಲ ಮುಳ್ಳಿಗೆ ಗರಗಸದ ಹಲ್ಲುಗಳಿವೆ, ಬಲೆಯ ಕಣ್ಣಿಗೆ ಸಿಕ್ಕಿಕೊಳ್ಳುತ್ತದೆ. ಎಳೆಯಬೇಡಿ, ಬಿಡಿಸಲಾಗದಿದ್ದರೆ ಬಲೆಯ ನೂಲನ್ನೇ ಕತ್ತರಿಸಿ. ಬಿಡುವಾಗ ತಲೆ ಹರಿವಿಗೆ ಎದುರಾಗಿರಲಿ, ಹೊಟ್ಟೆಯ ಕೆಳಗೆ ಕೈ ಆನಿಸಿ ನೆಟ್ಟಗೆ ಹಿಡಿಯಿರಿ. ಮುಂದಕ್ಕೂ ಹಿಂದಕ್ಕೂ ಆಡಿಸಬೇಡಿ, ಕಿವಿರಿಗೆ ನೀರು ಹಿಂದಿನಿಂದ ಹೋಗುವುದು ಒಳ್ಳೆಯದಲ್ಲ. ಅದಾಗಿಯೇ ಬಾಲ ಬಡಿದು ಕೈಯಿಂದ ಜಾರಿ ಹೋಗುವವರೆಗೆ ಬಿಡಬೇಡಿ, ಹತ್ತು ನಿಮಿಷವಾದರೂ ಸರಿ. ನೀರು ತೀರಾ ಇಳಿದು 20 ಡಿಗ್ರಿ ದಾಟಿದ ದಿನಗಳಲ್ಲಿ ಬಾರ್ಬೆಲ್‌ಗೆ ಗಾಳ ಹಾಕದಿರುವುದೇ ಸರಿ.

ಪ್ರಶ್ನೆ: ಬೈಟ್‌ರನ್ನರ್ ರೀಲ್ (ಮೀನು ಎಳೆದಾಗ ದಾರ ಸಲೀಸಾಗಿ ಬಿಡುವ ರೀಲ್) ಇಲ್ಲ. ಸಾಮಾನ್ಯ ರೀಲ್ ಸಾಕೇ? (ಡರಮ್‌ನ ಓದುಗರು)

ಉತ್ತರ: ಸಾಕು, ಆದರೆ ರೀಲಿನ ಬ್ರೇಕನ್ನು ಕೈಯಿಂದ ದಾರ ಎಳೆದರೆ ತುಸು ಬಿಗುವಿನಲ್ಲಿ ಬರುವಷ್ಟು ಸಡಿಲಿಸಿ. ಪೂರ್ತಿ ಬಿಗಿದಿಟ್ಟರೆ ಬಾರ್ಬೆಲ್ ರಾಡನ್ನು ಸ್ಟ್ಯಾಂಡಿನಿಂದ ಕಿತ್ತುಕೊಂಡು ನದಿಗೆ ಒಯ್ಯುತ್ತದೆ, ಇದು ಆಗಾಗ ಆಗುವಂಥದ್ದೇ. ತೀರಾ ಸಡಿಲಿಸಿದರೆ ಹರಿವೇ ದಾರ ಎಳೆದುಕೊಂಡು ಬಾಗು ಕೆಡುತ್ತದೆ, ಗಾಳವೂ ಸರಿಯಾಗಿ ಚುಚ್ಚದು. ಹಿಂಬದಿಯ ಸ್ಟ್ಯಾಂಡಿಗೆ ರಾಡಿನ ಹಿಡಿ ಜಾರದಂತೆ ರಬ್ಬರ್ ಹಿಡಿಕೆ ಇರಲಿ, ರಾಡ್ ಕೈಗೆಟಕುವಷ್ಟು ಹತ್ತಿರವೇ ಕೂತಿರಿ. ಏಳಬೇಕಾದರೆ ಗಾಳ ಮೇಲೆತ್ತಿ ಇಟ್ಟು ಏಳಿ.